ಬಾಟಲಿಯಲ್ಲಿ ಗ್ಯಾಸ್ ಬಂದಿಲ್ಲ ಅಂತ ಇನ್ನೊಂದು ಚಮಚ ಸಕ್ಕರೆ ಹಾಕೋ ಮುಂಚೆ

ಇವತ್ತಿನ ಎಪಿಸೋಡ್ ಒಂದು ಮೇಲ್‌ನಿಂದ ಶುರುವಾಗ್ತಾ ಇದೆ. ಬರೆದಿರೋರು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರೋ ನಮ್ಮ ಕೇಳುಗರೊಬ್ಬರು, ಊರು ಹಾಸನದ ಕಡೆ. ಹೆಸರು ಹೇಳ್ಬೇಡಿ ಅಂದಿದ್ದಾರೆ, ಯಾಕಂದ್ರೆ ಅವರ ಅಮ್ಮ ಈ ಪಾಡ್‌ಕಾಸ್ಟ್ ಕೇಳ್ತಾರಂತೆ. ಅಮ್ಮಾ, ನಮಸ್ಕಾರ, ಇವತ್ತಿನದು ರಸಾಯನಶಾಸ್ತ್ರದ ಪಾಠ ಅಂದ್ಕೊಂಡು ಕೇಳಿ.

ವಿಷಯ ಇಷ್ಟು. ಇವರು ಅಕ್ಟೋಬರ್‌ನಲ್ಲಿ ಮನೇಲೇ 20 ಲೀಟರ್ ಬಿಯರ್ ಮಾಡಿದ್ದಾರೆ. ಸುಮ್ನೆ ಬಿಯರ್ ಅಲ್ಲ, ಬೆಲ್ಜಿಯಂ ಶೈಲಿಯ ಗಟ್ಟಿ ಮಾಲು, ಆಲ್ಕೋಹಾಲ್ ಪ್ರಮಾಣ ಶೇ 9.7. ಎರಡು ತಿಂಗಳು ಹುದುಗೋಕೆ ಬಿಟ್ಟು, ಡಿಸೆಂಬರ್‌ನಲ್ಲಿ 130 ಗ್ರಾಂ ಸಕ್ಕರೆ ಸೇರಿಸಿ, 330 ಮಿಲಿಯ 60 ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ಬೇಸ್‌ಮೆಂಟ್‌ನಲ್ಲಿ ಇಟ್ಟಿದ್ದಾರೆ. ಐದು ವಾರ ಆಯ್ತು. ಓಪನ್ ಮಾಡಿದ್ರೆ 'ಟಿಸ್' ಅನ್ನೋದೂ ಇಲ್ಲ, ನೊರೆನೂ ಇಲ್ಲ. ಯುಗಾದಿಗೆ ಹಳೇ ಹಾಸ್ಟೆಲ್ ಗೆಳೆಯರೆಲ್ಲ ಮನೆಗೆ ಬರೋರಿದ್ದಾರೆ. ಪ್ರಶ್ನೆ ಏನಪ್ಪಾ ಅಂದ್ರೆ: "ಎಲ್ಲ ಬಾಟಲಿ ಓಪನ್ ಮಾಡಿ ಇನ್ನೊಂದು ಅರ್ಧ ಚಮಚ ಸಕ್ಕರೆ ಹಾಕಿ ಮುಚ್ಚಿಬಿಡ್ಲಾ?"

ಮೇಲ್‌ನ ಕೊನೇಲಿ ಇನ್ನೊಂದು ಸಾಲಿದೆ. ಬಾಟಲಿಗಳು ಇರೋದು ಮಗಳು ಆಟ ಆಡೋ ಜಾಗದ ಪಕ್ಕದ ಶೆಲ್ಫ್‌ನಲ್ಲಿ.

ಉತ್ತರ ಮೊದಲೇ ಹೇಳಿಬಿಡ್ತೀನಿ: ಸಕ್ಕರೆ ಹಾಕ್ಬೇಡಿ. ಇವತ್ತೇ ಆ ಬಾಟಲಿಗಳನ್ನ ಮಗು ಓಡಾಡದ ಕಡೆ, ಮುಚ್ಚಳ ಇರೋ ಗಟ್ಟಿ ಪ್ಲಾಸ್ಟಿಕ್ ಡಬ್ಬದೊಳಗೆ ಇಡಿ. ಯಾಕೆ ಅನ್ನೋದಕ್ಕೆ ಇವತ್ತಿನ ಪೂರ್ತಿ ಎಪಿಸೋಡ್ ಇದೆ.

ಅದಕ್ಕೆ ಮುಂಚೆ ಕರ್ನಾಟಕದಲ್ಲಿ ಕೂತು ಕೇಳ್ತಿರೋರಿಗೆ ಒಂದು ಮಾತು. ಇಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಬಿಯರ್ ಕೂಡ ಅದ್ರಲ್ಲೇ ಬರತ್ತೆ. ಹಾಗಾಗಿ ಇದನ್ನ ಕೇಳಿ ಬಕೆಟ್ ತರೋಕೆ ಹೋಗ್ಬೇಡಿ. ಬ್ರಿಟನ್‌ನಲ್ಲಿ 1963ರಿಂದ ಮನೆಬಳಕೆಗೆ ಬಿಯರ್ ಮಾಡ್ಕೊಳ್ಳೋಕೆ ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನಿಂದ ಫೆಡರಲ್ ಮಟ್ಟದಲ್ಲಿ ಅಡ್ಡಿ ಹೋಯ್ತು. ಆದ್ರೂ ಅಲಬಾಮ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿಕೊಂಡಿದ್ದು 2013ರಲ್ಲಿ. ಅಂದ್ರೆ ಅಲ್ಲೂ ಇದು ತೀರಾ ಹಳೇ ಹಕ್ಕೇನಲ್ಲ.

ಆದ್ರೆ ಇದ್ರ ಹಿಂದಿರೋ ಭೌತಶಾಸ್ತ್ರ ಎಲ್ಲರಿಗೂ ಬೇಕು. ಬೆಂಗಳೂರಲ್ಲಿ ಮನೇಲಿ ಕೊಂಬುಚ ಮಾಡೋರು, ಶುಂಠಿ ಹಾಕಿ ಜಿಂಜರ್ ಬಿಯರ್ ಮಾಡೋರು ಎಷ್ಟೋ ಜನ ಇದ್ದೀರಿ. ಸಕ್ಕರೆ, ಯೀಸ್ಟ್, ಬಿಗಿಯಾಗಿ ಮುಚ್ಚಿದ ಗಾಜು, ಈ ಮೂರು ಸೇರಿದ ಕಡೆಯೆಲ್ಲ ಇದೇ ಕಥೆ.

ಈಗ ಗ್ಯಾಸ್ ಎಲ್ಲಿಂದ ಬರತ್ತೆ ನೋಡೋಣ. ಯೀಸ್ಟ್ ಸಕ್ಕರೆ ತಿನ್ನತ್ತೆ, ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡತ್ತೆ. ತೂಕದ ಲೆಕ್ಕದಲ್ಲಿ ಹೆಚ್ಚೂಕಡಿಮೆ ಅರ್ಧ ಅರ್ಧ. ದೊಡ್ಡ ಪಾತ್ರೆಯಲ್ಲಿ ಹುದುಗುವಾಗ ಈ ಗ್ಯಾಸ್ ಹೊರಗೆ ಹೋಗಿಬಿಡತ್ತೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನೋ ವಿಜ್ಞಾನಿಯ ಮನೆ ಪಕ್ಕದಲ್ಲೇ ಬಿಯರ್ ಮಾಡೋ ಜಾಗ ಇತ್ತು. ಹುದುಗ್ತಿರೋ ತೊಟ್ಟಿ ಮೇಲೆ ಕವಿದಿದ್ದ ಈ ಗ್ಯಾಸ್‌ನಲ್ಲಿ ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹುಯ್ದು ನೋಡಿದ್ರು, ಸೋಡಾ ನೀರು ಸಿಕ್ತು. ನಮ್ಮ ಗೋಲಿ ಸೋಡಾದ ಅಜ್ಜಿ ಮನೆ ಅದೇ.

ಸೋಡಾ ಅಂಗಡಿಯವರು ಸಿಲಿಂಡರ್‌ನಿಂದ ಗ್ಯಾಸ್ ತುಂಬ್ತಾರೆ. ದೊಡ್ಡ ಬಿಯರ್ ಕಂಪನಿಗಳಲ್ಲೂ ಸಾಮಾನ್ಯವಾಗಿ ಗ್ಯಾಸ್ ಸೇರಿಸೋದು ಟ್ಯಾಂಕ್‌ನಲ್ಲೇ. ಬಾಟಲಿಯಲ್ಲೇ ಗ್ಯಾಸ್ ಬರಿಸೋದು ಹಳೇ ವಿಧಾನ. ಹುದುಗೋದು ಪೂರ್ತಿ ಮುಗಿದ ಬಿಯರ್‌ಗೆ ಅಳತೆ ಮಾಡಿದ ಸ್ವಲ್ಪ ಸಕ್ಕರೆ ಸೇರಿಸಿ ಮುಚ್ಚಳ ಹಾಕೋದು. ಒಳಗಡೆ ಉಳಿದಿರೋ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಬಿಡತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ಬಿಯರ್‌ನಲ್ಲೇ ಕರಗತ್ತೆ.

ಇದ್ರಲ್ಲಿ ಬೆಲ್ಜಿಯಂನವರು ಗುರುಗಳು. ಅಲ್ಲಿ ಬಿಯರ್ ಅಷ್ಟು ಸ್ಟ್ರಾಂಗ್ ಆಗೋಕೆ ಒಂದು ಕಾನೂನು ಕೂಡ ಕಾರಣ. 1919ರಲ್ಲಿ ಕೆಫೆಗಳಲ್ಲಿ ಜಿನ್ ಥರದ ಖಡಕ್ ಮದ್ಯ ಮಾರೋದನ್ನ ನಿಷೇಧಿಸಿದ್ರು. ಕುಡಿಯೋರು ಸುಮ್ನಿರ್ತಾರಾ? ಬಿಯರೇ ಗಟ್ಟಿಯಾಗ್ತಾ ಹೋಯ್ತು. ಡುವೆಲ್ ಅಂತ ಒಂದಿದೆ, ಶೇ 8.5. ಹೆಸರಿನ ಅರ್ಥವೇ ದೆವ್ವ. ವೆಸ್ಟ್‌ಮಾಲೆ ಅನ್ನೋ ಮಠದ ಸನ್ಯಾಸಿಗಳು ಮಾಡೋ ಟ್ರಿಪೆಲ್ ಶೇ 9.5. ರೋಶ್‌ಫೋರ್ 10 ಅನ್ನೋದು ಶೇ 11.3, ಅದೂ ಮಠದ್ದೇ. ಎಲ್ಲದಕ್ಕೂ ಗ್ಯಾಸ್ ಬರೋದು ಬಾಟಲಿಯೊಳಗೇ. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನ ತನ್ನ ಪರಂಪರೆ ಪಟ್ಟಿಗೆ ಸೇರಿಸ್ತು.

ಡುವೆಲ್‌ನವರು ಏನ್ಮಾಡ್ತಾರೆ ಅಂತ ಗಮನಿಸಿ, ನಮ್ಮ ಹಾಸನದ ಸ್ನೇಹಿತರಿಗೆ ಅರ್ಧ ಉತ್ತರ ಅಲ್ಲೇ ಸಿಗತ್ತೆ. ಬಾಟಲಿಗೆ ತುಂಬುವಾಗ ಸಕ್ಕರೆ ಜೊತೆ ಯೀಸ್ಟನ್ನೂ ಮತ್ತೆ ಸೇರಿಸ್ತಾರೆ. ಆಮೇಲೆ ಸುಮಾರು 24 ಡಿಗ್ರಿಯ ಬೆಚ್ಚಗಿನ ಕೋಣೆಯಲ್ಲಿ ಎರಡು ವಾರ ಇಡ್ತಾರೆ. ಅದಾದ ಮೇಲೆ ತಣ್ಣಗಿನ ಗೋದಾಮಿನಲ್ಲಿ ಆರು ವಾರ. ಹೊಸ ಯೀಸ್ಟ್, ಬೆಚ್ಚಗಿನ ಜಾಗ, ತಾಳ್ಮೆ. ಮಿನಿಯಾಪೊಲಿಸ್‌ನ ಬೇಸ್‌ಮೆಂಟ್‌ನಲ್ಲಿ ಮೊದಲೆರಡೂ ಇರಲಿಲ್ಲ.

ಅವರೇ ಬರೆದಿರೋ ಪ್ರಕಾರ ಅಲ್ಲಿ 13 ಡಿಗ್ರಿ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ದೋಸೆ ಹಿಟ್ಟು ಬೆಳಿಗ್ಗೆ ಹಾಗೇ ಮಲಗಿರತ್ತೆ, ಉಬ್ಬೋದೇ ಇಲ್ಲ, ಅಲ್ವಾ? ಆಗ ನಾವೇನು ಇನ್ನೊಂದು ಪಾವು ಅಕ್ಕಿ ರುಬ್ಬಿ ಸುರೀತೀವಾ? ಒಲೆ ಪಕ್ಕ ಇಡ್ತೀವಿ, ಕಂಬಳಿ ಸುತ್ತುತೀವಿ. ಇಲ್ಲೂ ಅಷ್ಟೇ. ಒಳಗಿರೋ ಆಹಾರ ಸಾಕಷ್ಟಿದೆ, ತಿನ್ನೋರು ಏಳ್ತಾ ಇಲ್ಲ.

ಶೇ 5ರ ಮಾಮೂಲಿ ಬಿಯರ್ ಆಗಿದ್ರೆ ಆ ಚಳಿಯಲ್ಲೂ ತಡವಾಗಿಯಾದ್ರೂ ಗ್ಯಾಸ್ ಬರ್ತಿತ್ತು. ಶೇ 9.7 ಅಂದ್ರೆ ಬೇರೆ ಮಾತು. ಯೀಸ್ಟ್ ತಾನೇ ಮಾಡಿದ ಆಲ್ಕೋಹಾಲ್‌ನಲ್ಲಿ ತಾನೇ ಮುಳುಗಿರತ್ತೆ, ಆಲ್ಕೋಹಾಲ್ ಅದ್ರ ಜೀವಕೋಶದ ಹೊರಪೊರೆಯನ್ನೇ ಕೆಡಿಸತ್ತೆ. ಆ ಪೊರೆ ಗಟ್ಟಿಯಾಗಿರೋಕೆ ಬೇಕಾದ ಪದಾರ್ಥ ತಯಾರಿಸೋಕೆ ಯೀಸ್ಟ್‌ಗೆ ಆಮ್ಲಜನಕ ಬೇಕು, ಅದು ಮೊದಲ ದಿನಗಳಲ್ಲೇ ಖಾಲಿ. ಜೊತೆಗೆ ಎರಡು ತಿಂಗಳು ಬಿಟ್ಟಿದ್ರಿಂದ ಯೀಸ್ಟ್‌ನ ದೊಡ್ಡ ಪಾಲು ತಳದಲ್ಲಿ ಮಡ್ಡಿಯಾಗಿ ಕೂತಿತ್ತು, ಬಾಟಲಿಗೆ ಬಂದಿದ್ದು ಮೇಲಿನ ತಿಳಿ. ಅಂದ್ರೆ ಬಂದಿರೋ ಯೀಸ್ಟ್ ಕಮ್ಮಿ, ಬಂದಿರೋದೂ ಸುಸ್ತಾಗಿರೋದು, ಅದನ್ನ ಚಳಿಯಲ್ಲಿ ಕೂರಿಸಿದ್ದಾರೆ. ಮ್ಯಾರಥಾನ್ ಓಡಿ ಬಂದವನಿಗೆ ಇನ್ನೊಂದು ಕಿಲೋಮೀಟರ್ ಓಡಪ್ಪಾ ಅಂದಂಗೆ.

ಹಾಗಾದ್ರೆ ಸಕ್ಕರೆ ಸೇರಿಸಿದ್ರೆ ಏನಾಗತ್ತೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಭಯ ಬೀಳ್ಬೇಡಿ, ಹೈಸ್ಕೂಲ್ ಲೆಕ್ಕವೇ.

ಬಿಯರ್‌ನಲ್ಲಿರೋ ಗ್ಯಾಸನ್ನ 'ವಾಲ್ಯೂಮ್' ಅಂತ ಅಳೀತಾರೆ. ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ರೆ ಒಂದು ವಾಲ್ಯೂಮ್, ತೂಕದಲ್ಲಿ ಸುಮಾರು 2 ಗ್ರಾಂ. ಇಂಗ್ಲೆಂಡಿನ ಹಳೇ ಶೈಲಿಯ ಏಲ್‌ಗಳಲ್ಲಿ ಒಂದೂವರೆಯಿಂದ ಎರಡು. ಮಾಮೂಲಿ ಬಿಯರ್‌ನಲ್ಲಿ ಎರಡೂವರೆ ಆಸುಪಾಸು. ಬೆಲ್ಜಿಯಂನ ಬಂಗಾರದ ಬಣ್ಣದ ಸ್ಟ್ರಾಂಗ್ ಏಲ್‌ಗಳು ಮೂರು ದಾಟ್ತವೆ, ಅದಕ್ಕೇ ಅವುಗಳ ಬಾಟಲಿ ದಪ್ಪ, ಕೈಯಲ್ಲಿ ಹಿಡಿದ್ರೇ ಗೊತ್ತಾಗತ್ತೆ.

20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಸುಮಾರು 0.85 ವಾಲ್ಯೂಮ್ ಗ್ಯಾಸ್ ಮೊದಲೇ ಕರಗಿರತ್ತೆ. ಎರಡೂವರೆಗೆ ತಲುಪಬೇಕು ಅಂದ್ರೆ ಇನ್ನೂ 1.65 ಬೇಕು. ಒಂದು ವಾಲ್ಯೂಮ್‌ಗೆ ಲೀಟರಿಗೆ ಸುಮಾರು 4 ಗ್ರಾಂ ಅಡುಗೆಮನೆ ಸಕ್ಕರೆ. ಹಾಗಾಗಿ ಲೀಟರಿಗೆ ಆರೂವರೆ ಗ್ರಾಂ, 20 ಲೀಟರಿಗೆ 130 ಗ್ರಾಂ. ನಮ್ಮ ಸ್ನೇಹಿತರು ಹಾಕಿದ್ದು ಸರಿಯಾಗಿ ಅಷ್ಟೇ! ಒಂದೊಂದು ಬಾಟಲಿಗೆ ಬಂದಿರೋದು 2 ಗ್ರಾಂ ಚಿಲ್ಲರೆ, ಅಂದ್ರೆ ಅರ್ಧ ಟೀ ಚಮಚ. ಅದೆಲ್ಲ ಇನ್ನೂ ಒಳಗೇ ಇದೆ.

ಈಗ ಇನ್ನರ್ಧ ಚಮಚ ಹಾಕಿದ್ರು ಅನ್ಕೊಳ್ಳಿ. ಒಂದು ವಾರ ಏನೂ ಆಗಲ್ಲ, ಎರಡು ವಾರ ಏನೂ ಆಗಲ್ಲ. ಯುಗಾದಿ ಹತ್ರ ಬಂತು ಅಂತ ಬಾಟಲಿಗಳನ್ನ ಮೇಲೆ ಬೆಚ್ಚಗಿನ ಅಡುಗೆಮನೆಗೆ ತಂದ್ರು. ಯೀಸ್ಟ್ ನಿಧಾನವಾಗಿ ಎದ್ದು ಎರಡೂ ಪಾಲು ತಿನ್ನತ್ತೆ. ಎರಡೂವರೆ ಅಲ್ಲ, ನಾಲ್ಕು ದಾಟತ್ತೆ. ಎರಡೂವರೆ ವಾಲ್ಯೂಮ್‌ನಲ್ಲಿ, 20 ಡಿಗ್ರಿಯಲ್ಲಿ, ಬಾಟಲಿಯೊಳಗಿನ ಒತ್ತಡ ಹೆಚ್ಚೂಕಡಿಮೆ ಕಾರ್ ಟೈರಿನಷ್ಟು, 28 ಪಿಎಸ್‌ಐ. ನಾಲ್ಕು ದಾಟಿದ್ರೆ 50ರ ಮೇಲೆ. ಅದೇ ಬಾಟಲಿ ಬೇಸಿಗೆಯಲ್ಲಿ 35 ಡಿಗ್ರಿಯ ಗ್ಯಾರೇಜ್‌ನಲ್ಲಿ ಕೂತಿದ್ರೆ 75ರ ಮೇಲೆ. ತೆಳು ಗಾಜಿನ ಸಾಮಾನ್ಯ ಬಿಯರ್ ಬಾಟಲಿಯಲ್ಲಿ ಮೂರು ವಾಲ್ಯೂಮ್ ದಾಟಿಸ್ಬಾರದು ಅನ್ನೋದು ಮನೇಲಿ ಮಾಡೋರ ರೂಢಿ. ಬಾಟಲಿ ಹಳೇದಾಗಿ, ಎಲ್ಲೋ ಕಾಣದ ಗೀರು ಇದ್ರೆ ಅಷ್ಟೂ ತಡೆಯಲ್ಲ.

ಅವರ ಭಾಷೆಯಲ್ಲಿ ಇದಕ್ಕೆ 'ಬಾಟಲ್ ಬಾಂಬ್' ಅಂತಾನೇ ಹೆಸರು. ಒಂದು ಸಿಡಿದ್ರೆ ಅದ್ರ ಚೂರು ಬಡಿದು ಪಕ್ಕದ್ದೂ ಸಿಡಿಯಬಹುದು. ಮುಖಕ್ಕೆ, ಕಣ್ಣಿಗೆ ಬಿದ್ರೆ ಮುಗೀತು. ಹಿಂದೆ ಫ್ರಾನ್ಸ್‌ನ ಶಾಂಪೇನ್ ನೆಲಮಾಳಿಗೆಗಳಲ್ಲಿ ಕೆಲಸದವರು ಕಬ್ಬಿಣದ ಮುಖವಾಡ ಹಾಕ್ಕೊಂಡು ಓಡಾಡ್ತಿದ್ರು, ಅಲ್ಲೂ ಇದೇ ಸಮಸ್ಯೆ. ಸಕ್ಕರೆಯ ಅಳತೆ ಸರಿಯಾಗಿ ಗೊತ್ತಾಗಿದ್ದೇ 19ನೇ ಶತಮಾನದಲ್ಲಿ. ಅದಕ್ಕೇ ಮೊದಲ ಮಾತೇ ಮಗಳ ಆಟದ ಜಾಗದಿಂದ ಬಾಟಲಿ ತೆಗೀರಿ ಅಂದಿದ್ದು. ಈಗ ಗ್ಯಾಸ್ ಇಲ್ಲ ಅನ್ನೋದು ಧೈರ್ಯಕ್ಕೆ ಕಾರಣ ಅಲ್ಲ. ಮಲಗಿರೋದು ಯಾವಾಗ ಏಳತ್ತೆ ಅಂತ ಯಾರೂ ಹೇಳೋಕಾಗಲ್ಲ.

ಸರಿ, ಈಗ ಮಾಡ್ಬೇಕಾದ್ದೇನು.

ಮೊದಲು ರೋಗ ಯಾವುದು ಅಂತ ಗೊತ್ತಾಗ್ಲಿ. ಒಂದು ಬಾಟಲಿ ಓಪನ್ ಮಾಡಿ, ಹೈಡ್ರೋಮೀಟರ್ ಇಳಿಸಿ ನೋಡಿ. ಊರಲ್ಲಿ ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಬಿಡ್ತಾರಲ್ಲ, ಅದ್ರ ಅಣ್ಣತಮ್ಮ ಇದು. ದ್ರವದಲ್ಲಿ ಸಕ್ಕರೆ ಹೆಚ್ಚಿದ್ರೆ ಕಡ್ಡಿ ಮೇಲೆ ತೇಲತ್ತೆ, ಕಮ್ಮಿ ಇದ್ರೆ ಇಳಿಯತ್ತೆ. ಇವರ ಬಿಯರ್ ಶುರುವಿನಲ್ಲಿ 1.090 ಇತ್ತು, ಬಾಟಲಿಗೆ ಹಾಕೋ ಮುಂಚೆ 1.016ಕ್ಕೆ ನಿಂತಿತ್ತು. ಲೀಟರಿಗೆ ಆರೂವರೆ ಗ್ರಾಂ ಸಕ್ಕರೆ ಸೇರಿಸಿದ್ರೆ ಎರಡೂವರೆ ಪಾಯಿಂಟ್ ಏರಿ 1.0185 ಆಸುಪಾಸಾಗತ್ತೆ. ಈಗಲೂ ಅಷ್ಟೇ ತೋರಿಸಿದ್ರೆ ಯೀಸ್ಟ್ ಸಕ್ಕರೆ ಮುಟ್ಟೇ ಇಲ್ಲ. ಅದು ಬಿಟ್ಟು 1.016ಕ್ಕೇ ಬಂದಿದೆ, ಆದ್ರೂ ಗ್ಯಾಸ್ ಇಲ್ಲ ಅಂದ್ರೆ, ಗ್ಯಾಸ್ ಬಂದು ಮುಚ್ಚಳದಿಂದ ಸೋರಿ ಹೋಗಿದೆ. ಆಗ ತಪ್ಪು ಯೀಸ್ಟ್‌ದಲ್ಲ, ಮುಚ್ಚಳ ಒತ್ತೋ ಯಂತ್ರದ್ದು.

(ರಿಫ್ರ್ಯಾಕ್ಟೋಮೀಟರ್ ಇಟ್ಕೊಂಡಿರೋರು ಗಮನಿಸಿ: ಆಲ್ಕೋಹಾಲ್ ಬಂದ ಮೇಲೆ ಅದು ನೇರವಾಗಿ ತೋರಿಸೋ ಅಂಕಿ ಸರಿ ಇರಲ್ಲ, ತಿದ್ದುಪಡಿ ಲೆಕ್ಕ ಬೇಕು. ಈ ಕೆಲಸಕ್ಕೆ ಕಡ್ಡಿಯೇ ವಾಸಿ.)

ಯೀಸ್ಟೇ ಮಲಗಿದೆ ಅಂತ ಖಾತ್ರಿಯಾದ್ರೆ, ಬಾಟಲಿಗಳನ್ನ ಡಬ್ಬದ ಸಮೇತ 22-24 ಡಿಗ್ರಿ ಇರೋ ಕಡೆ ತನ್ನಿ. ಒಂದೊಂದನ್ನೂ ನಿಧಾನವಾಗಿ ತಲೆಕೆಳಗು ಮಾಡಿ, ತಳದ ಮಡ್ಡಿ ಮೇಲೆ ಬರಲಿ. ಕುಲುಕ್ಬೇಡಿ. ಕನ್ನಡಕ ಮತ್ತೆ ದಪ್ಪ ಕೈಗವಸು ಹಾಕ್ಕೊಂಡೇ ಮುಟ್ಟಿ. ಮೂರು ವಾರ ಬಿಟ್ಟು ಒಂದನ್ನ ಫ್ರಿಜ್‌ನಲ್ಲಿ ಎರಡು ದಿನ ಇಟ್ಟು ಓಪನ್ ಮಾಡಿ. ಫ್ರಿಜ್ ಯಾಕೆ ಅಂದ್ರೆ, ತಣ್ಣಗಿದ್ದಷ್ಟೂ ಗ್ಯಾಸ್ ದ್ರವದಲ್ಲಿ ಚೆನ್ನಾಗಿ ಕರಗತ್ತೆ. ಬೆಚ್ಚಗಿರೋದನ್ನ ಓಪನ್ ಮಾಡಿದ್ರೆ ಇರೋ ಗ್ಯಾಸೆಲ್ಲ ನೊರೆಯಾಗಿ ಹಾರಿಹೋಗಿ, ಗ್ಲಾಸಲ್ಲಿ ಸಪ್ಪೆ ಅನ್ಸತ್ತೆ.

ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗತ್ತೆ. ಸ್ಟ್ರಾಂಗ್ ಬಿಯರ್‌ಗೆ ಎರಡು ವಾರ ಸಾಕು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಆರೆಂಟು ವಾರ ಆಗೋದು ಮಾಮೂಲಿ.

ಆಗ್ಲೂ ಏಳ್ಲಿಲ್ಲ ಅಂದ್ರೆ ಹೊಸ ಯೀಸ್ಟ್ ಬೇಕು. ಯಾವುದೋ ಒಂದು ಅಲ್ಲ. ಶೇ 10ರ ಹತ್ತಿರದ ಆಲ್ಕೋಹಾಲ್‌ನಲ್ಲೂ ಬದುಕೋ ತಳಿ ಬೇಕು. ಶಾಂಪೇನ್‌ಗೆ ಬಳಸೋ ಇಸಿ-1118 ಅಂತ ಇದೆ, ಶೇ 18ರವರೆಗೂ ತಡಿಯತ್ತೆ. ಬಾಟಲಿಯಲ್ಲಿ ಗ್ಯಾಸ್ ಬರಿಸೋಕೇ ಮಾಡಿರೋ ಸಿಬಿಸಿ-1 ಅಂತ ಇನ್ನೊಂದಿದೆ. ಈ ಸಿಬಿಸಿ-1ಗೆ ಒಂದು ಒಳ್ಳೇ ಗುಣ ಇದೆ. ಮಾಲ್ಟ್‌ನಲ್ಲಿರೋ ಮಾಲ್ಟೋಟ್ರಯೋಸ್ ಅನ್ನೋ ದೊಡ್ಡ ಸಕ್ಕರೆಯನ್ನ ಇದು ಮುಟ್ಟಲ್ಲ. ಹಿಂದಿನ ಯೀಸ್ಟ್ ಏನಾದ್ರೂ ಉಳಿಸಿದ್ರೂ ಅದನ್ನ ಕೆರೆದು ತಿನ್ನೋ ಅಪಾಯ ಕಮ್ಮಿ. ಇದಕ್ಕೆ ವಿರುದ್ಧ ಸ್ವಭಾವದವು ಇವೆ, ಡಯಾಸ್ಟಾಟಿಕಸ್ ಗುಂಪಿನವು, ಸೇಸಾನ್ ಬಿಯರ್‌ಗೆ ಬಳಸೋ ಕೆಲವು ತಳಿ. ಬೇರೆ ಯೀಸ್ಟ್ ಬಿಟ್ಟ ಪಿಷ್ಟದ ತುಣುಕನ್ನೂ ಒಡೆದು ತಿಂತವೆ, ತಿಂಗಳುಗಟ್ಟಲೆ. ಅವನ್ನ ಈ ಕೆಲಸಕ್ಕೆ ಹತ್ರನೂ ಸೇರಿಸ್ಬೇಡಿ.

ಅಳತೆ: 20 ಲೀಟರಿಗೆ 2 ಗ್ರಾಂ ಒಣ ಯೀಸ್ಟ್ ಸಾಕು. ಕುದಿಸಿ ಉಗುರುಬೆಚ್ಚಗೆ ಆರಿಸಿದ 60 ಮಿಲಿ ನೀರಲ್ಲಿ ನೆನೆಸಿ. ಹತ್ತಿಪ್ಪತ್ತು ನಿಮಿಷ ಬಿಟ್ಟು, ಶುದ್ಧ ಮಾಡಿದ ಸಿರಿಂಜ್‌ನಲ್ಲಿ ಬಾಟಲಿಗೆ 1 ಮಿಲಿ ಹಾಕಿ ತಕ್ಷಣ ಹೊಸ ಮುಚ್ಚಳ ಒತ್ತಿ. ಒಣ ಪುಡಿಯನ್ನ ನೇರವಾಗಿ ಉದುರಿಸ್ಬೇಡಿ. ಸ್ವಲ್ಪ ಗ್ಯಾಸ್ ಬಂದಿರೋ ಬಾಟಲಿಗೆ ಪುಡಿ ಬಿದ್ರೆ ಒಂದೊಂದು ಕಣದ ಮೇಲೂ ಗುಳ್ಳೆ ಹುಟ್ಟಿ ಅರ್ಧ ಬಿಯರ್ ಚಾವಣಿಗೆ ಹೋಗತ್ತೆ. ಮತ್ತೆ ಸಕ್ಕರೆ? ಒಂದು ಹರಳೂ ಬೇಡ.

ಇನ್ನೊಂದು ಅಪಾಯ ಇದೆ, ಇದು ಈ ಬಿಯರ್‌ಗಿಂತ ಬೇರೆಯವರಿಗೆ ಹೆಚ್ಚು ಅನ್ವಯ ಆಗತ್ತೆ. 1.090ರಿಂದ ಶುರುವಾಗಿದ್ದು 1.016ಕ್ಕೆ ಬಂದಿದೆ ಅಂದ್ರೆ ಹುದುಗೋದು ಚೆನ್ನಾಗೇ ಮುಗಿದಿದೆ. ಆದ್ರೆ ಸ್ಟ್ರಾಂಗ್ ಬಿಯರ್ ಎಷ್ಟೋ ಸಲ 1.030ರಲ್ಲಿ ಸುಸ್ತಾಗಿ ನಿಂತುಬಿಡತ್ತೆ. ಮುಗೀತು ಅಂದ್ಕೊಂಡು ಬಾಟಲಿಗೆ ತುಂಬ್ತಾರೆ. ಆಮೇಲೆ ಬೆಚ್ಚಗಾದಾಗ ಅದು ಮುಂದುವರಿಯತ್ತೆ. ಒಂದೊಂದು ಪಾಯಿಂಟ್ ಇಳಿದ್ರೂ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್. 1.030ರಿಂದ 1.016, ಹದಿನಾಲ್ಕು ಪಾಯಿಂಟ್, ಏಳು ವಾಲ್ಯೂಮ್! ಶಾಂಪೇನ್ ಬಾಟಲಿಯನ್ನೂ ನಂಬೋಕಾಗಲ್ಲ. ಹಾಗಾಗಿ ಕಡ್ಡಿ ಒಂದೇ ಕಡೆ ನಿಂತಿದೆ ಅನ್ನೋದಷ್ಟೇ ಸಾಲದು. ಒಂದು ಲೋಟ ಬಿಯರ್ ಬೇರೆ ತೆಗೆದು, ಬ್ರೆಡ್ ಯೀಸ್ಟ್ ಧಾರಾಳವಾಗಿ ಹಾಕಿ, ಬೆಚ್ಚಗಿಟ್ಟು ಆಗಾಗ ಕದಡಿ, ಎರಡು ಮೂರು ದಿನ ಬಿಟ್ಟು ಅಳೀರಿ. ಅದು ಇನ್ನೂ ಕೆಳಗಿಳಿದ್ರೆ ದೊಡ್ಡ ಪಾತ್ರೆಯಲ್ಲಿರೋದು ಮುಗಿದಿಲ್ಲ ಅಂತಲೇ ಅರ್ಥ.

ಮುಂದಿನ ಸಲಕ್ಕೆ ಒಂದು ಅಗ್ಗದ ಉಪಾಯ, ನನಗೆ ತುಂಬಾ ಇಷ್ಟವಾದದ್ದು. ಬಾಟಲಿಗೆ ತುಂಬುವಾಗ ಒಂದೇ ಒಂದನ್ನ ಖಾಲಿ ಕೋಲಾ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಮುಚ್ಚಳ ಹಾಕೋ ಮುಂಚೆ ಹಿಂಡಿ ಗಾಳಿ ತೆಗೀರಿ. ದಿನಾ ಹೋಗಿ ಅಮುಕಿ ನೋಡಿ. ಮೆತ್ತಗಿದ್ರೆ ಗ್ಯಾಸ್ ಬಂದಿಲ್ಲ. ಅಂಗಡಿಯ ಕೋಲಾದಷ್ಟು ಗಟ್ಟಿಯಾದ್ರೆ ಸಾಕಷ್ಟು ಬಂದಿದೆ, ಎಲ್ಲವನ್ನೂ ಫ್ರಿಜ್‌ಗೆ ಸಾಗಿಸಿ. ಕೊಂಬುಚದವರಿಗೂ ಇದೇ ಉಪಾಯ. ಒಂದು ಗಾಜೂ ಓಪನ್ ಮಾಡದೆ ಒಳಗಿನ ಸುದ್ದಿ ಗೊತ್ತಾಗತ್ತೆ.

ಮತ್ತೆ ಸಕ್ಕರೆಯನ್ನ ಬಾಟಲಿ ಬಾಟಲಿಗೆ ಚಮಚದಲ್ಲಿ ಹಾಕೋದು ನನಗೆ ಸರಿ ಕಾಣಲ್ಲ. ಒಂದು ಚಮಚ ತಲೆ ತುಂಬಿರತ್ತೆ, ಇನ್ನೊಂದು ಸಪಾಟಾಗಿರತ್ತೆ, ಒಂದು ಬಾಟಲಿ ಸಪ್ಪೆ, ಇನ್ನೊಂದು ಪಟಾಕಿ. ತಕ್ಕಡಿಯಲ್ಲಿ ತೂಗಿ, ಸ್ವಲ್ಪ ನೀರಲ್ಲಿ ಕುದಿಸಿ ತೆಳು ಪಾಕ ಮಾಡಿ, ಆರಿಸಿ, ಖಾಲಿ ಬಕೆಟ್ ತಳದಲ್ಲಿ ಹಾಕಿ, ಅದ್ರ ಮೇಲೆ ಬಿಯರ್ ಇಳಿಸಿ. ಗಾಳಿ ಸೇರದಂಗೆ ನಿಧಾನವಾಗಿ ಕದಡಿ, ಆಮೇಲೆ ತುಂಬಿ.

ಇಷ್ಟೆಲ್ಲ ಕಷ್ಟ ಯಾಕೆ, ಸಿಲಿಂಡರ್‌ನಿಂದ ಗ್ಯಾಸ್ ತುಂಬಿದ್ರೆ ಆಗಲ್ವಾ ಅಂತ ಕೇಳ್ಬಹುದು. ಆಗತ್ತೆ. ಬಾಟಲಿಯಲ್ಲೇ ಹುಟ್ಟಿದ ಗುಳ್ಳೆ ಸಣ್ಣದಾಗಿರತ್ತೆ, ನಯವಾಗಿರತ್ತೆ ಅಂತಾರಲ್ಲ, ನನಗೆ ಅದ್ರಲ್ಲಿ ನಂಬಿಕೆ ಇಲ್ಲ, ಎಲ್ಲಿಂದ ಬಂದ್ರೂ ಗ್ಯಾಸ್ ಗ್ಯಾಸೇ. ಆದ್ರೆ ಸ್ಟ್ರಾಂಗ್ ಬಿಯರ್‌ನ ವರ್ಷಗಟ್ಟಲೆ ಇಟ್ಟು ಕುಡೀತಾರೆ. ಬಾಟಲಿಯಲ್ಲಿ ಜೀವಂತ ಯೀಸ್ಟ್ ಇದ್ರೆ ಮುಚ್ಚುವಾಗ ಸೇರ್ಕೊಂಡ ಆಮ್ಲಜನಕವನ್ನ ಅದು ಬಳಸಿಕೊಳ್ಳತ್ತೆ, ಹಳೇ ರಟ್ಟಿನ ವಾಸನೆ ಬರೋದು ತಡವಾಗತ್ತೆ. ಆ ಒಂದು ಕಾರಣಕ್ಕೆ ನನ್ನ ವೋಟು ಬಾಟಲಿಗೇ.

ಮಿನಿಯಾಪೊಲಿಸ್‌ನವರೇ, ಈಗ ಜನವರಿ. ಇವತ್ತೇ ಬೆಚ್ಚಗಿಟ್ರೆ ಯುಗಾದಿಗೆ ಸಮಯ ಇದೆ. ಮೂರು ವಾರದ ಬಾಟಲಿ ಏನು ಹೇಳ್ತು ಅಂತ ಬರೀರಿ. ಹಬ್ಬದ ಹಿಂದಿನ ವಾರ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ ಫ್ರಿಜ್‌ನಲ್ಲಿಡಿ, ಮಡ್ಡಿ ಕೆಳಗೆ ಕೂರತ್ತೆ. ಗ್ಲಾಸ್ ಓರೆ ಹಿಡಿದು ಒಂದೇ ಸಲ ಬಗ್ಗಿಸಿ, ಕೊನೇ ಒಂದು ಬೆರಳಷ್ಟು ಬಾಟಲಿಯಲ್ಲೇ ಬಿಡಿ. ಒಬ್ಬೊಬ್ಬರಿಗೆ ಒಂದು ಸಾಕು, ಶೇ 9.7 ಅಂದ್ರೆ ಮಾಮೂಲಿ ಬಿಯರ್‌ನ ಎರಡಕ್ಕೆ ಸಮ. ಡ್ರೈವ್ ಮಾಡೋ ಗೆಳೆಯರಿಗೆ ಪಾನಕ ಕೊಡಿ, ಹೇಗೂ ಯುಗಾದಿ.

ಮುಂದಿನ ವಾರ ಇನ್ನೊಬ್ಬರ ಪ್ರಶ್ನೆ ಇದೆ, ಪ್ರೆಶರ್ ಕುಕ್ಕರ್ ವಿಶಲ್ ಬಗ್ಗೆ. ಇದೂ ಒತ್ತಡದ್ದೇ ಕಥೆ. ಸಿಗೋಣ.